ಹೃದಯ ಸ್ನಾಯುವಿನಲ್ಲಿ ಕಾಂಟ್ರಾಸ್ಟ್ ಎಷ್ಟಿದೆ? ಎಂಆರ್‌ಐ ಅಳತೆ ವಿಧಾನಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯದ ಎಂಆರ್‌ಐ ವರದಿಯನ್ನು ಕೈಯಲ್ಲಿ ಹಿಡಿದವರಿಗೆ ‘ಎಲ್‌ಜಿಇ ಇದೆ’ (ಸ್ನಾಯುವಿನಲ್ಲಿ ಕಲೆಯಿದೆ), ‘ಪರ್ಫ್ಯೂಷನ್ ಕಡಿಮೆ’ (ರಕ್ತಹರಿವು ಕಡಿಮೆ), ‘ಇಸಿವಿ ಶೇ 32’ (ಕೋಶಗಳ ಹೊರಗಿನ ಜಾಗದ ಪಾಲು) ಎಂಬ ಮೂರು ಮಾತುಗಳು ಒಂದೇ ಪುಟದಲ್ಲಿ ಎದುರಾಗುವುದುಂಟು. ಮೂರೂ ಒಂದೇ ಚುಚ್ಚುಮದ್ದಿನಿಂದ ಹುಟ್ಟಿದ ಮಾಹಿತಿಯಾದರೂ ಅವುಗಳನ್ನು ಪಡೆಯುವ ದಾರಿ ಬೇರೆ ಬೇರೆ, ನಂಬಿಕೆಯ ಮಟ್ಟವೂ ಬೇರೆ ಬೇರೆ. ವೈದ್ಯಕೀಯ ವಿದ್ಯಾರ್ಥಿಗಳು, ಎಂಆರ್‌ಐ ತಂತ್ರಜ್ಞರು ಮತ್ತು ತಮ್ಮ ವರದಿಯನ್ನು ತಾವೇ ಅರ್ಥಮಾಡಿಕೊಳ್ಳಬಯಸುವ ರೋಗಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಎಂಆರ್‌ಐಗೆ ಮುನ್ನ ಹಾಕುವ ‘ಡೈ’ ನಿಜವಾಗಿ ಏನು?

ಕಾಂಟ್ರಾಸ್ಟ್ ಔಷಧವನ್ನು ಆಸ್ಪತ್ರೆಯಲ್ಲಿ ಎಲ್ಲರೂ ‘ಡೈ’ ಎಂದೇ ಕರೆಯುತ್ತಾರಾದರೂ ಅದಕ್ಕೆ ಬಣ್ಣವಿಲ್ಲ. ಸಿರಿಂಜಿನಲ್ಲಿ ನೀರಿನಂತೆ ತಿಳಿಯಾಗಿರುತ್ತದೆ. ಅದರೊಳಗಿನ ಮುಖ್ಯ ವಸ್ತು ಗ್ಯಾಡೊಲಿನಿಯಂ ಎಂಬ ಲೋಹ. ಈ ಲೋಹದ ಅಯಾನಿನಲ್ಲಿ ಜೋಡಿಯಾಗದ ಏಳು ಎಲೆಕ್ಟ್ರಾನುಗಳಿರುವುದರಿಂದ ಅದು ಪ್ರಬಲವಾದ ಸೂಕ್ಷ್ಮ ಅಯಸ್ಕಾಂತದಂತೆ ವರ್ತಿಸುತ್ತದೆ. ಬಿಡಿ ಗ್ಯಾಡೊಲಿನಿಯಂ ದೇಹಕ್ಕೆ ವಿಷವಾದ್ದರಿಂದ ಅದನ್ನು ದೊಡ್ಡದೊಂದು ಸಾವಯವ ಅಣುವಿನ ಹಿಡಿತದಲ್ಲಿ ಕಟ್ಟಿಹಾಕಿ ಕೊಡುತ್ತಾರೆ. ಗ್ಯಾಡೊಬ್ಯುಟ್ರಾಲ್, ಗ್ಯಾಡೊಟೆರೇಟ್, ಗ್ಯಾಡೊಟೆರಿಡಾಲ್ ಮುಂತಾದವು ಹೀಗೆ ಕಟ್ಟಿಹಾಕಿದ ಔಷಧಗಳು. ಹೃದಯದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 0.1ರಿಂದ 0.2 ಮಿಲಿಮೋಲ್ ಕೊಡಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಎಕ್ಸ್‌ರೇ ಅಥವಾ ಸಿಟಿಯಲ್ಲಿ ಅಯೋಡಿನ್ ತಾನೇ ಕಾಣಿಸುವಂತೆ ಎಂಆರ್‌ಐನಲ್ಲಿ ಗ್ಯಾಡೊಲಿನಿಯಂ ತಾನೇ ಕಾಣಿಸುವುದಿಲ್ಲ. ಯಂತ್ರ ಹಿಡಿಯುವುದು ಅಂಗಾಂಶದೊಳಗಿನ ನೀರಿನ ಹೈಡ್ರೋಜನ್ ಕೊಡುವ ಸಂಕೇತವನ್ನು. ಗ್ಯಾಡೊಲಿನಿಯಂ ಆ ನೀರಿನ ಪಕ್ಕದಲ್ಲಿದ್ದಾಗ, ಯಂತ್ರ ಕಳಿಸುವ ರೇಡಿಯೋ ತರಂಗದ ಪಲ್ಸ್‌ನಿಂದ ಕದಡಿದ ಕಾಂತೀಕರಣ ಮೊದಲಿನ ಸ್ಥಿತಿಗೆ ಮರಳುವ ವೇಗ ಹೆಚ್ಚುತ್ತದೆ. ಮರಳಲು ಬೇಕಾಗುವ ಆ ಕಾಲಕ್ಕೆ ಟಿ1 ಎಂದು ಹೆಸರು. ಹೀಗಾಗಿ ನಾವು ನೋಡುವುದೆಲ್ಲವೂ ಗ್ಯಾಡೊಲಿನಿಯಂ ನೀರಿನ ಮೇಲೆ ಮಾಡಿದ ಪರಿಣಾಮವೇ ಹೊರತು ಗ್ಯಾಡೊಲಿನಿಯಂ ಅಲ್ಲ. ಮುಂದೆ ಬರುವ ಬಹುತೇಕ ತೊಡಕುಗಳ ಬೇರು ಇಲ್ಲಿದೆ.

ಅದು ಹೃದಯ ಸ್ನಾಯುವಿನಲ್ಲಿ ಎಲ್ಲಿ ಹೋಗಿ ಸೇರುತ್ತದೆ?

ರಕ್ತದಿಂದ ಸೋರಿ, ಸ್ನಾಯುಕೋಶಗಳ ನಡುವಿನ ಸಂದುಗಳಲ್ಲಿ ಹರಡುತ್ತದೆ. ಪೊರೆ ಗಟ್ಟಿಯಾಗಿರುವ ಕೋಶದ ಒಳಕ್ಕೆ ಅದು ಹೋಗಲಾರದು. ಆರೋಗ್ಯವಂತ ಹೃದಯದಲ್ಲಿ ಕೋಶಗಳು ಒತ್ತೊತ್ತಾಗಿ ಕೂಡಿಕೊಂಡಿರುವುದರಿಂದ ಕೋಶಗಳ ಹೊರಗಿನ ಜಾಗ ಒಟ್ಟು ಗಾತ್ರದ ಸುಮಾರು ಕಾಲುಭಾಗ ಮಾತ್ರ. ಹೃದಯಾಘಾತವಾದ ಹೊಸದರಲ್ಲಿ ಸತ್ತ ಕೋಶಗಳ ಪೊರೆ ಹರಿದು ಅವುಗಳ ಒಳಗೂ ಔಷಧ ನುಗ್ಗುತ್ತದೆ. ತಿಂಗಳುಗಳು ಕಳೆದ ಮೇಲೆ ಅದೇ ಜಾಗದಲ್ಲಿ ಕೊಲಾಜೆನ್ ನಾರುಗಳಿಂದಾದ ಕಲೆ ಉಳಿಯುತ್ತದೆ. ಅಲ್ಲಿ ಕೋಶ ಕಡಿಮೆ, ಸಂದು ಹೆಚ್ಚು. ಕಾರಣ ಬೇರೆಯಾದರೂ ಎರಡೂ ಹೊತ್ತಿನಲ್ಲಿ ಫಲ ಒಂದೇ: ಔಷಧ ಹೆಚ್ಚು ಸೇರುತ್ತದೆ, ನಿಧಾನವಾಗಿ ಹೊರಹೋಗುತ್ತದೆ.

ಚಿತ್ರದಲ್ಲಿ ಒಂದು ಭಾಗ ಎರಡರಷ್ಟು ಬೆಳ್ಳಗಿದ್ದರೆ ಅಲ್ಲಿ ಎರಡರಷ್ಟು ಕಾಂಟ್ರಾಸ್ಟ್ ಇದೆ ಎನ್ನಬಹುದೇ?

ಹೇಳಲಾಗದು. ಇದು ಅತ್ಯಂತ ಸಹಜವಾಗಿ ಹುಟ್ಟುವ ತಪ್ಪು ಕಲ್ಪನೆಯಾದ್ದರಿಂದ ಲೆಕ್ಕ ಹಾಕಿಯೇ ನೋಡುವುದು ಒಳ್ಳೆಯದು.

ಔಷಧದ ಸಾಂದ್ರತೆಗೆ ನೇರ ಅನುಪಾತದಲ್ಲಿ ಏರುವುದು ಟಿ1ರ ವಿಲೋಮ, ಅಂದರೆ ಒಂದನ್ನು ಟಿ1ರಿಂದ ಭಾಗಿಸಿದಾಗ ಬರುವ ಸಂಖ್ಯೆ. ಇದನ್ನು ಆರ್1 ಎನ್ನುತ್ತಾರೆ. ಪ್ರತಿ ಲೀಟರಿಗೆ ಒಂದು ಮಿಲಿಮೋಲ್ ಔಷಧ ಸೇರಿದಾಗ ಆರ್1 ಎಷ್ಟು ಏರುತ್ತದೆ ಎಂಬುದು ಆ ಔಷಧದ ಗುಣ, 1.5 ಟೆಸ್ಲಾ ಕಾಂತಬಲದ ಯಂತ್ರದಲ್ಲಿ ಸೆಕೆಂಡಿಗೆ ಸುಮಾರು 4.5 ಎಂದು ಹಿಡಿದುಕೊಳ್ಳೋಣ. ರಕ್ತದಲ್ಲಿ ಲೀಟರಿಗೆ 5 ಮಿಲಿಮೋಲ್ ಇದ್ದಾಗ ಟಿ1 ಸುಮಾರು 43 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. 10 ಮಿಲಿಮೋಲ್ ಇದ್ದಾಗ 22ಕ್ಕೆ. ಕಾಂತೀಕರಣವನ್ನು ಸೊನ್ನೆಗೆ ಇಳಿಸುವ ಸ್ಯಾಚುರೇಷನ್ ಪಲ್ಸ್ ಕೊಟ್ಟು 100 ಮಿಲಿಸೆಕೆಂಡ್ ಕಾದು ಚಿತ್ರ ತೆಗೆದರೆ, ಮೊದಲ ಸಂದರ್ಭದಲ್ಲಿ ಸಂಕೇತವು ಗರಿಷ್ಠದ ಶೇ 90ರಷ್ಟು, ಎರಡನೆಯದರಲ್ಲಿ ಶೇ 99ರಷ್ಟು ಬರುತ್ತದೆ. ಔಷಧ ದುಪ್ಪಟ್ಟಾಗಿದೆ, ಬಿಳುಪು ಮಾತ್ರ ಹತ್ತನೇ ಒಂದು ಭಾಗದಷ್ಟು ಹೆಚ್ಚಿದೆ. ಅದೇ ಚಿತ್ರದಲ್ಲಿ ಸ್ನಾಯುವಿನೊಳಗೆ ಔಷಧ ಅರ್ಧ ಮಿಲಿಮೋಲ್‌ನಿಂದ ಒಂದು ಮಿಲಿಮೋಲ್‌ಗೆ ಏರಿದಾಗ, ಔಷಧವಿಲ್ಲದ ಸಂಕೇತವನ್ನು ಕಳೆದ ಮೇಲೆ ಉಳಿಯುವ ಬಿಳುಪು ಸುಮಾರು 1.8 ಪಟ್ಟಾಗುತ್ತದೆ. ಒಂದೇ ಚಿತ್ರದ ಒಂದು ಭಾಗದಲ್ಲಿ ಬಿಳುಪು ಪ್ರಮಾಣಕ್ಕೆ ಹೆಚ್ಚು ಕಡಿಮೆ ನಿಷ್ಠವಾಗಿದೆ, ಪಕ್ಕದಲ್ಲೇ ಇನ್ನೊಂದು ಭಾಗದಲ್ಲಿ ಪೂರ್ತಿ ಕೈಕೊಟ್ಟಿದೆ. ಇಷ್ಟು ಸಾಲದೆಂಬಂತೆ, ಸಂಕೇತ ಹಿಡಿಯಲು ಎದೆಯ ಮೇಲಿಟ್ಟ ಕಾಯಿಲ್‌ಗೆ ಹತ್ತಿರವಿರುವ ಗೋಡೆ ದೂರದ ಗೋಡೆಗಿಂತ ಬೆಳ್ಳಗೆ ಕಾಣುತ್ತದೆ.

ಹಾಗಾದರೆ ಪ್ರಮಾಣವನ್ನು ತಿಳಿಯಲು ಯಾವ ವಿಧಾನಗಳಿವೆ?

ಬಳಕೆಯಲ್ಲಿರುವವು ಮುಖ್ಯವಾಗಿ ಮೂರು. ಔಷಧ ಹಾಕಿದ 10ರಿಂದ 20 ನಿಮಿಷಗಳ ನಂತರ ಕಲೆಯನ್ನು ಬಿಳಿಯಾಗಿ ತೋರಿಸುವ ಎಲ್‌ಜಿಇ. ಔಷಧಕ್ಕೆ ಮೊದಲು ಮತ್ತು ನಂತರ ಪ್ರತಿ ಪಿಕ್ಸೆಲ್‌ನ ಟಿ1 ಅಳೆದು ಕೋಶಗಳ ಹೊರಗಿನ ಜಾಗವನ್ನು ಲೆಕ್ಕ ಹಾಕುವ ಟಿ1 ಮ್ಯಾಪಿಂಗ್. ಔಷಧ ಮೊದಲ ಬಾರಿಗೆ ಹೃದಯವನ್ನು ಹಾದುಹೋಗುವ ಕೆಲವೇ ಸೆಕೆಂಡುಗಳನ್ನು ಚಲನಚಿತ್ರದಂತೆ ಹಿಡಿಯುವ ಫಸ್ಟ್ ಪಾಸ್ ಪರ್ಫ್ಯೂಷನ್. ಮೊದಲನೆಯದು ‘ಎಲ್ಲಿ’ ಎಂಬುದಕ್ಕೂ ಎರಡನೆಯದು ‘ಎಷ್ಟು’ ಎಂಬುದಕ್ಕೂ ಮೂರನೆಯದು ‘ಎಷ್ಟು ಬೇಗ’ ಎಂಬುದಕ್ಕೂ ಉತ್ತರ ಕೊಡುತ್ತದೆ.

ಎಲ್‌ಜಿಇ ಚಿತ್ರ ಹೇಗೆ ಸಿದ್ಧವಾಗುತ್ತದೆ?

ಮೊದಲು ಒಂದು ಇನ್ವರ್ಷನ್ ಪಲ್ಸ್ ಕೊಟ್ಟು ಕಾಂತೀಕರಣವನ್ನು ತಲೆಕೆಳಗು ಮಾಡುತ್ತಾರೆ. ಅದು ಋಣದಿಂದ ಮೇಲೇರಿ ಧನಕ್ಕೆ ಬರುವ ಹಾದಿಯಲ್ಲಿ ಒಂದು ಕ್ಷಣ ಸೊನ್ನೆಯನ್ನು ದಾಟುತ್ತದೆ. ಆರೋಗ್ಯವಂತ ಸ್ನಾಯು ಸೊನ್ನೆಯಲ್ಲಿರುವ ಆ ಕ್ಷಣಕ್ಕೇ ಚಿತ್ರ ತೆಗೆದರೆ ಅದು ಕಡುಕಪ್ಪಾಗಿ ಕಾಣುತ್ತದೆ, ಔಷಧ ಹೆಚ್ಚಿರುವ ಕಲೆ ಆಗಲೇ ಸೊನ್ನೆ ದಾಟಿ ಮೇಲೇರಿರುವುದರಿಂದ ಬೆಳ್ಳಗೆ ಎದ್ದು ಕಾಣುತ್ತದೆ. ಪಲ್ಸ್‌ಗಳ ನಡುವೆ ಪೂರ್ತಿ ಚೇತರಿಕೆಗೆ ಸಮಯವಿದ್ದರೆ ಸೊನ್ನೆಯಾಗುವ ಕ್ಷಣ ಟಿ1ರ ಸುಮಾರು 0.69ರಷ್ಟು, ಅಂದರೆ ಟಿ1 450 ಮಿಲಿಸೆಕೆಂಡ್ ಇರುವಾಗ 310ರ ಆಸುಪಾಸು. ರೋಗಿಯ ಹೃದಯ ವೇಗವಾಗಿ ಬಡಿಯುತ್ತಿದ್ದರೆ ಅಷ್ಟು ಚೇತರಿಕೆ ಆಗುವುದಿಲ್ಲ, ಆ ಕ್ಷಣ ಇನ್ನೂ ಮುಂಚೆ ಬರುತ್ತದೆ.

ಇನ್ವರ್ಷನ್ ಬಳಸುವ ಈ ರೂಪ 2001ರ ಹೊತ್ತಿಗೆ ಗಟ್ಟಿಯಾಗಿ ನೆಲೆಗೊಂಡಿತು. 2000ದಲ್ಲಿ ಪ್ರಕಟವಾದ ಷಿಕಾಗೋದ ಸಂಶೋಧಕರ ಅಧ್ಯಯನವೊಂದು, ಕಲೆಯು ಗೋಡೆಯ ದಪ್ಪದಲ್ಲಿ ಎಷ್ಟು ಭಾಗವನ್ನು ಆವರಿಸಿದೆ ಎಂಬುದನ್ನು ನೋಡಿ, ರಕ್ತಪೂರೈಕೆ ಸರಿಪಡಿಸಿದ ಮೇಲೆ ಆ ಭಾಗ ಮತ್ತೆ ಚೆನ್ನಾಗಿ ಮಿಡಿಯುತ್ತದೆಯೇ ಎಂದು ಮುಂಚಿತವಾಗಿ ಹೇಳಬಹುದೆಂದು ತೋರಿಸಿತು. ಅರ್ಧಕ್ಕಿಂತ ಹೆಚ್ಚು ದಪ್ಪಕ್ಕೆ ಕಲೆ ಹರಡಿದ್ದ ಭಾಗಗಳು ಚೇತರಿಸಿಕೊಂಡದ್ದು ವಿರಳ. ಬೈಪಾಸ್ ಅಥವಾ ಸ್ಟೆಂಟ್ ನಿರ್ಧಾರಕ್ಕೆ ಮುನ್ನ ಈ ಚಿತ್ರವನ್ನು ಕೇಳುವ ರೂಢಿ ಬೆಳೆಯಲು ಇದೇ ಕಾರಣ.

ಸೊನ್ನೆಯ ಕ್ಷಣವನ್ನು ತಂತ್ರಜ್ಞರು ತಪ್ಪಾಗಿ ಆರಿಸಿದರೆ ಏನಾಗುತ್ತದೆ?

ತುಂಬ ಮುಂಚೆ ಆರಿಸಿದರೆ ಆರೋಗ್ಯವಂತ ಸ್ನಾಯು ಇನ್ನೂ ಋಣದಲ್ಲಿರುತ್ತದೆ. ಹಳೆಯ ಪದ್ಧತಿಯ ಚಿತ್ರ ಸಂಕೇತದ ಗಾತ್ರವನ್ನು ಮಾತ್ರ ತೋರಿಸಿ ಚಿಹ್ನೆಯನ್ನು ಕೈಬಿಡುವುದರಿಂದ ಕಪ್ಪಾಗಬೇಕಾದುದು ಬೂದುಬಣ್ಣಕ್ಕೆ ತಿರುಗುತ್ತದೆ, ಕಲೆಯ ಅಂಚು ಕರಗುತ್ತದೆ. 2002ರಲ್ಲಿ ಬಂದ ಪಿಎಸ್‌ಐಆರ್ ಎಂಬ ತಂತ್ರ ಚಿಹ್ನೆಯನ್ನೂ ಉಳಿಸಿಕೊಳ್ಳುತ್ತದೆ. ಅದರಲ್ಲಿ ಕಡಿಮೆ ಔಷಧದ ಭಾಗ ಎಂದಿಗೂ ಹೆಚ್ಚು ಔಷಧದ ಭಾಗಕ್ಕಿಂತ ಕಪ್ಪಾಗಿಯೇ ಉಳಿಯುವುದರಿಂದ ಸಣ್ಣ ತಪ್ಪು ಚಿತ್ರವನ್ನು ಕೆಡಿಸುವುದಿಲ್ಲ. ಸ್ಕ್ಯಾನ್ ನಡೆಯುತ್ತಿರುವಾಗಲೇ ಔಷಧ ಮೂತ್ರಪಿಂಡದ ಮೂಲಕ ಹೊರಹೋಗುತ್ತಿರುತ್ತದೆ, ಅಂದರೆ ಸರಿಯಾದ ಕ್ಷಣವೂ ನಿಮಿಷ ನಿಮಿಷಕ್ಕೆ ಮುಂದೆ ಸರಿಯುತ್ತಿರುತ್ತದೆ. ಹಾಗಾಗಿ ಪಿಎಸ್‌ಐಆರ್ ಇದ್ದರೂ ಮೊದಲ ಸ್ಲೈಸ್‌ಗೆ ಹಾಕಿದ ಸಂಖ್ಯೆಯನ್ನೇ ಕೊನೆಯ ಸ್ಲೈಸ್‌ವರೆಗೆ ಎಳೆದುಕೊಂಡು ಹೋಗುವುದು ಒಳ್ಳೆಯ ಅಭ್ಯಾಸವಲ್ಲ.

‘ಎಡ ಹೃತ್ಕುಕ್ಷಿಯ ಶೇ 14ರಷ್ಟು ಕಲೆ’ ಎಂದು ವರದಿಯಲ್ಲಿದೆ. ಬೇರೆ ಕಡೆ ಅದೇ ಚಿತ್ರಕ್ಕೆ ಶೇ 20 ಎಂದರು. ಯಾರದು ಸರಿ?

ಇಬ್ಬರೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯಿರಬಹುದು. ಎಲ್‌ಜಿಇ ಚಿತ್ರದ ಬಿಳುಪಿಗೆ ಯಾವ ಘಟಕವೂ ಇಲ್ಲ. ಆದ್ದರಿಂದ ‘ಎಷ್ಟು ಬೆಳ್ಳಗಿದ್ದರೆ ಕಲೆ’ ಎಂಬ ಗೆರೆಯನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕು. ಒಂದು ಪದ್ಧತಿಯಲ್ಲಿ, ಓದುಗ ವೈದ್ಯರು ಆರೋಗ್ಯವಂತ ಎಂದು ತೋರುವ ಜಾಗದಲ್ಲಿ ಒಂದು ವೃತ್ತ ಎಳೆದು ಅಲ್ಲಿನ ಸರಾಸರಿ ಮತ್ತು ಪ್ರಮಾಣಿತ ವಿಚಲನೆಯನ್ನು (ಚದುರುವಿಕೆಯ ಅಳತೆ) ತೆಗೆದು, ಸರಾಸರಿಗಿಂತ ಎರಡು, ಐದು ಅಥವಾ ಆರು ವಿಚಲನೆಗಳಷ್ಟು ಮೇಲಿರುವುದನ್ನೆಲ್ಲ ಕಲೆ ಎಂದು ಎಣಿಸುತ್ತಾರೆ. ಎರಡನ್ನು ಆರಿಸಿದರೆ ಕಲೆ ದೊಡ್ಡದು, ಆರನ್ನು ಆರಿಸಿದರೆ ಚಿಕ್ಕದು. ಮತ್ತೊಂದು ಪದ್ಧತಿಯಲ್ಲಿ ಕಲೆಯೊಳಗಿನ ಅತಿ ಹೆಚ್ಚಿನ ಬಿಳುಪನ್ನು ಹುಡುಕಿ ಅದರ ಅರ್ಧಕ್ಕಿಂತ ಮೇಲಿರುವುದನ್ನು ಮಾತ್ರ ಎಣಿಸುತ್ತಾರೆ.

ಲಂಡನ್ನಿನ ಗುಂಪೊಂದು 2011ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಈ ಅರ್ಧ-ಗರಿಷ್ಠ ಪದ್ಧತಿಯೇ ಮತ್ತೆ ಮತ್ತೆ ಅಳೆದಾಗ ಹೆಚ್ಚು ಸ್ಥಿರವಾದ ಉತ್ತರ ಕೊಟ್ಟಿತು. ಆದರೆ ಅದು ಗಟ್ಟಿಯಾದ ಬಿಳಿ ತಿರುಳಿರುವ ಹೃದಯಾಘಾತದ ಕಲೆಗೆ ಚೆನ್ನಾಗಿ ಹೊಂದುತ್ತದೆ. ಹೃದಯ ಸ್ನಾಯು ದಪ್ಪಗಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯಲ್ಲಿ ಮೋಡದ ಚೂರುಗಳಂತೆ ಮಸುಕಾಗಿ ಹರಡಿರುವ ಕಲೆಯಲ್ಲಿ ‘ಗರಿಷ್ಠ’ ಯಾವುದೆಂದು ಹೇಳುವುದೇ ಕಷ್ಟ. ಆ ರೋಗದಲ್ಲಿ ಕಲೆ ಶೇ 15 ದಾಟಿದರೆ ಹಠಾತ್ ಸಾವಿನ ಅಪಾಯ ಹೆಚ್ಚೆಂದು 2014ರ ದೊಡ್ಡ ಅಧ್ಯಯನವೊಂದು ಹೇಳಿದ ಮೇಲೆ ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರನ್ನು ಎದೆಯಲ್ಲಿ ಕೂರಿಸುವ ಚರ್ಚೆಯಲ್ಲಿ ಈ ಸಂಖ್ಯೆಗೆ ತೂಕ ಬಂದಿದೆ. ಮಿತಿ 15 ಇರುವಾಗ 14 ಮತ್ತು 20ರ ನಡುವಿನ ಅಂತರ ಬರೀ ಅಂಕಿಯ ಆಟವಾಗಿ ಉಳಿಯುವುದಿಲ್ಲ. ಅಳತೆಯ ಪದ್ಧತಿಯನ್ನು ಬರೆಯದ ಶೇಕಡಾವಾರು ಸಂಖ್ಯೆಯನ್ನು ಅರ್ಧ ಮಾಹಿತಿ ಎಂದೇ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ.

ಎಲ್‌ಜಿಇ ಸಹಜವಾಗಿದ್ದರೆ ಸ್ನಾಯುವಿನಲ್ಲಿ ನಾರು ಬೆಳೆದಿಲ್ಲ ಎಂದರ್ಥವೇ?

ಖಂಡಿತವಾಗಿ ಅಲ್ಲ. ಎಲ್‌ಜಿಇ ತನ್ನ ಸೊನ್ನೆಯನ್ನು ರೋಗಿಯ ಹೃದಯದಿಂದಲೇ ಎರವಲು ಪಡೆಯುತ್ತದೆ. ಇಡೀ ಹೃದಯದಲ್ಲಿ ನಾರು ಸಮನಾಗಿ ಹರಡಿದ್ದರೆ, ತಂತ್ರಜ್ಞರು ಆ ರೋಗಗ್ರಸ್ತ ಸ್ನಾಯುವನ್ನೇ ‘ಸಹಜ’ ಎಂದು ಸೊನ್ನೆಗೆ ಇಳಿಸಿಬಿಡುತ್ತಾರೆ, ಚಿತ್ರ ಅಚ್ಚುಕಟ್ಟಾಗಿ ಕಪ್ಪಾಗಿ ಬರುತ್ತದೆ. ತಕ್ಕಡಿಯ ಎರಡೂ ತಟ್ಟೆಗಳಿಗೆ ಒಂದೇ ಭಾರ ಹಾಕಿ ‘ವ್ಯತ್ಯಾಸವಿಲ್ಲ’ ಎಂದಂತೆ.

ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ ಅಮೈಲಾಯ್ಡ್ ರೋಗ. ಕೋಶಗಳ ನಡುವೆ ಅಸಹಜ ಪ್ರೋಟೀನ್ ತುಂಬಿ ಹೊರಜಾಗ ಊದಿಕೊಂಡಿರುವುದರಿಂದ ಸ್ನಾಯುವೇ ಔಷಧವನ್ನು ಹೀರಿಕೊಂಡಿರುತ್ತದೆ. ರಕ್ತಕ್ಕಿಂತ ಸ್ನಾಯು ಮೊದಲೇ ಸೊನ್ನೆ ದಾಟುತ್ತದೆ. ಸೊನ್ನೆಯ ಕ್ಷಣ ಹುಡುಕಲು ತೆಗೆಯುವ ಸರಣಿ ಚಿತ್ರಗಳಲ್ಲಿ ಸಾಮಾನ್ಯವಾಗಿ ರಕ್ತ ಮೊದಲು ಕಪ್ಪಾಗಿ, ಆಮೇಲೆ ಸ್ನಾಯು ಕಪ್ಪಾಗುತ್ತದೆ. ಈ ಕ್ರಮ ತಿರುಗುಮುರುಗಾದುದನ್ನು ಗಮನಿಸುವ ತಂತ್ರಜ್ಞರು ವರದಿ ಬರೆಯುವವರಿಗಿಂತ ಮೊದಲೇ ರೋಗವನ್ನು ಅನುಮಾನಿಸಬಲ್ಲರು. ಗಮನಿಸದವರು ‘ಯಂತ್ರ ಸರಿಯಾಗಿ ನಲ್ (ಸೊನ್ನೆ) ಆಗುತ್ತಿಲ್ಲ’ ಎಂದು ಮತ್ತೆ ಮತ್ತೆ ಪ್ರಯತ್ನಿಸುತ್ತಾ ಕೂರುತ್ತಾರೆ.

ಟಿ1 ಮ್ಯಾಪಿಂಗ್ ಇದಕ್ಕಿಂತ ಹೇಗೆ ಭಿನ್ನ?

ಅದು ಒಂದೇ ಕ್ಷಣದ ಚಿತ್ರ ತೆಗೆಯುವ ಬದಲು ಚೇತರಿಕೆಯ ಹಾದಿಯುದ್ದಕ್ಕೂ ಹಲವು ಚಿತ್ರಗಳನ್ನು ತೆಗೆದು, ಪ್ರತಿ ಪಿಕ್ಸೆಲ್‌ಗೂ ಒಂದು ವಕ್ರರೇಖೆಯನ್ನು ಹೊಂದಿಸಿ, ಟಿ1 ಅನ್ನು ಮಿಲಿಸೆಕೆಂಡುಗಳಲ್ಲಿ ಕೊಡುತ್ತದೆ. ಘಟಕವಿರುವ ಸಂಖ್ಯೆ ಬಂದದ್ದರಿಂದ ಕಾಯಿಲ್‌ನ ದೂರ, ಪರದೆಯ ಹೊಳಪು ಇವುಗಳ ಹಂಗು ತಪ್ಪಿತು.

ಮಿಡಿಯುವ ಹೃದಯದಲ್ಲಿ ಇದನ್ನು ಸಾಧ್ಯವಾಗಿಸಿದ್ದು 2004ರಲ್ಲಿ ಪ್ರಕಟವಾದ ಮೊಲ್ಲಿ ಎಂಬ ಕ್ರಮ. ಪ್ರತಿ ಬಡಿತದಲ್ಲೂ ಹೃದಯ ಹಿಗ್ಗಿ ತುಸು ನಿಶ್ಚಲವಾಗಿರುವ ಅದೇ ಹೊತ್ತಿಗೆ ಒಂದೊಂದು ಚಿತ್ರ ಹಿಡಿಯುವುದು ಅದರ ಜಾಣ್ಮೆ. ಮೊದಲ ರೂಪಕ್ಕೆ 17 ಬಡಿತಗಳಷ್ಟು ಹೊತ್ತು ಉಸಿರು ಬಿಗಿಹಿಡಿಯಬೇಕಿತ್ತು. ಹೃದಯ ಸೋತು ಏದುಸಿರು ಬಿಡುವವರಿಗೆ ಅದು ಶಿಕ್ಷೆಯೇ ಸರಿ. ಆಕ್ಸ್‌ಫರ್ಡ್‌ನಲ್ಲಿ 2010ರಲ್ಲಿ ರೂಪುಗೊಂಡ ಶ್ಮೊಲ್ಲಿ ಅದನ್ನು 9 ಬಡಿತಕ್ಕೆ ಇಳಿಸಿತು. ಈಗ ಹೆಚ್ಚು ಬಳಕೆಯಲ್ಲಿರುವ ಮೊಲ್ಲಿ ರೂಪದಲ್ಲಿ ಐದು ಬಡಿತ ಚಿತ್ರ, ಮೂರು ಬಡಿತ ವಿಶ್ರಾಂತಿ, ಮತ್ತೆ ಮೂರು ಬಡಿತ ಚಿತ್ರ, ಹೀಗೆ 11 ಬಡಿತಗಳಲ್ಲಿ ಕೆಲಸ ಮುಗಿಯುತ್ತದೆ.

ಮೊಲ್ಲಿ, ಸಾಶಾ, ಸಫೈರ್: ಇವುಗಳಲ್ಲಿ ಯಾವುದು ನಿಖರ?

‘ನಿಖರ’ ಎಂಬ ಒಂದೇ ಪದದಲ್ಲಿ ಎರಡು ಗುಣಗಳು ಅಡಗಿವೆ. ನಿಜವಾದ ಬೆಲೆಗೆ ಹತ್ತಿರವಿರುವುದು ಒಂದು. ಎಷ್ಟು ಸಲ ಅಳೆದರೂ ಚದುರದೆ ಒಂದೇ ಕಡೆ ಬೀಳುವುದು ಇನ್ನೊಂದು. ಬಾಣಗಳೆಲ್ಲ ಒಂದೇ ಗುಂಪಾಗಿ ಗುರಿಯಿಂದ ತುಸು ಎಡಕ್ಕೆ ನಾಟಿದರೆ ಎರಡನೆಯ ಗುಣವಿದೆ, ಮೊದಲನೆಯದಿಲ್ಲ.

ಮೊಲ್ಲಿಯ ಸ್ವಭಾವ ಅಂಥದ್ದು. ಅದು ಟಿ1 ಅನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದರೆ ಸ್ಥಿರವಾಗಿ ತೋರಿಸುತ್ತದೆ. ಚಿತ್ರ ತೆಗೆಯಲು ಬಳಸುವ ಪಲ್ಸ್‌ಗಳೇ ಚೇತರಿಕೆಯ ಹಾದಿಯನ್ನು ಕದಡುವುದು ಒಂದು ಕಾರಣ. ಅದನ್ನು ಸರಿಪಡಿಸುವ ಸೂತ್ರವಿದ್ದರೂ ಅದು ಪೂರ್ಣವಲ್ಲ. ಇದರ ಜೊತೆಗೆ ಅಂಗಾಂಶದ ಟಿ2 (ಸಂಕೇತ ಕುಗ್ಗಲು ಬೇಕಾಗುವ ಕಾಲ), ಪ್ರೋಟೀನುಗಳಿಗೆ ಅಂಟಿದ ನೀರಿನೊಂದಿಗೆ ನಡೆಯುವ ಕಾಂತೀಕರಣದ ವಿನಿಮಯ, ಶ್ವಾಸಕೋಶದ ಗಾಳಿಯ ಪಕ್ಕದಲ್ಲಿ ಕಾಂತಕ್ಷೇತ್ರ ಏರುಪೇರಾಗುವುದು, ಹೃದಯ ಬಡಿತದ ವೇಗ, ಇವೆಲ್ಲವೂ ಅದರ ಉತ್ತರದಲ್ಲಿ ಬೆರೆಯುತ್ತವೆ. ಕೆನಡಾದ ಆಲ್ಬರ್ಟಾದಲ್ಲಿ ರೂಪುಗೊಂಡು 2014ರಲ್ಲಿ ಪ್ರಕಟವಾದ ಸಾಶಾ, ಇನ್ವರ್ಷನ್ ಬದಲು ಪ್ರತಿ ಬಡಿತಕ್ಕೂ ಒಂದು ಸ್ಯಾಚುರೇಷನ್ ಪಲ್ಸ್ ಕೊಟ್ಟು ಹಳೆಯ ನೆನಪನ್ನೆಲ್ಲ ಒರೆಸಿ ಹೊಸದಾಗಿ ಶುರುಮಾಡುತ್ತದೆ. ಹಾಗಾಗಿ ಬಡಿತದ ವೇಗ, ಟಿ2 ಮುಂತಾದವುಗಳ ಪ್ರಭಾವ ಬಹಳ ಕಡಿಮೆ. ಇದಕ್ಕೆ ತೆರುವ ಬೆಲೆಯೂ ಇದೆ: ಇನ್ವರ್ಷನ್‌ನಲ್ಲಿ ಸಂಕೇತ ಋಣ ಒಂದರಿಂದ ಧನ ಒಂದರವರೆಗೆ ಚಲಿಸಿದರೆ ಇಲ್ಲಿ ಸೊನ್ನೆಯಿಂದ ಒಂದರವರೆಗೆ ಮಾತ್ರ. ಅರ್ಧ ವ್ಯಾಪ್ತಿಯಲ್ಲಿ ಅದೇ ಗದ್ದಲ (ಸಂಕೇತದೊಳಗಿನ ಅಡ್ಡಾದಿಡ್ಡಿ ಏರುಪೇರು) ಕೂತರೆ ನಕ್ಷೆ ಹರಳುಹರಳಾಗಿ ಕಾಣುತ್ತದೆ. ಸಫೈರ್ ಎರಡೂ ಪಲ್ಸ್‌ಗಳನ್ನು ಸೇರಿಸಿಕೊಂಡು ನಡುದಾರಿ ಹುಡುಕುತ್ತದೆ.

ಈ ಮೂರರ ಜೊತೆ ಶ್ಮೊಲ್ಲಿಯನ್ನೂ ಸೇರಿಸಿ 2014ರಲ್ಲಿ ಒಂದೇ ಕಡೆ ಹೋಲಿಸಿ ನೋಡಿದಾಗ ಬಂದ ತೀರ್ಮಾನವೂ ಇದೇ: ಸಾಶಾ, ಸಫೈರ್ ನಿಜಬೆಲೆಗೆ ಹತ್ತಿರ, ಮೊಲ್ಲಿ, ಶ್ಮೊಲ್ಲಿ ಚದುರುವಿಕೆಯಲ್ಲಿ ಕಡಿಮೆ, ಇನ್ನೊಂದು ದಿನ ಮತ್ತೆ ಅಳೆದಾಗ ಹೊಂದುವ ಗುಣದಲ್ಲಿ ನಾಲ್ಕೂ ಹೆಚ್ಚು ಕಡಿಮೆ ಸಮ. ಒಬ್ಬ ರೋಗಿಯನ್ನು ಸಹಜ ಗುಂಪಿನಿಂದ ಬೇರ್ಪಡಿಸಿ ಗುರುತಿಸುವ ನಿತ್ಯದ ಕೆಲಸಕ್ಕೆ ಚದುರದ ಅಳತೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಸಹಜದ ಮಿತಿಯನ್ನೂ ಅದೇ ಯಂತ್ರದಲ್ಲಿ ಅದೇ ಕ್ರಮದಿಂದ ಕಟ್ಟಿಕೊಳ್ಳಲಾಗಿರುತ್ತದೆ. ಔಷಧದ ಸಾಂದ್ರತೆಯನ್ನೇ ಮಿಲಿಮೋಲ್‌ನಲ್ಲಿ ಹೇಳಬೇಕಾದ ಸಂಶೋಧನೆಗೆ ಮಾತ್ರ ನಾನು ಸಾಶಾ ಬಗೆಯ ಕ್ರಮವನ್ನೇ ಆರಿಸಿಕೊಳ್ಳುತ್ತೇನೆ.

ಇಸಿವಿಯನ್ನು ಲೆಕ್ಕ ಹಾಕುವುದು ಹೇಗೆ? ಸಂಖ್ಯೆಗಳಿಟ್ಟು ತೋರಿಸಬಹುದೇ?

ಇಸಿವಿ ಎಂದರೆ ಸ್ನಾಯುವಿನ ಒಟ್ಟು ಗಾತ್ರದಲ್ಲಿ ಕೋಶಗಳ ಹೊರಗಿನ ಜಾಗದ ಪಾಲು. ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಔಷಧಕ್ಕೆ ಮೊದಲು ಸ್ನಾಯುವಿನ ಟಿ1 1000 ಮಿಲಿಸೆಕೆಂಡ್, ರಕ್ತದ್ದು 1550. ಔಷಧ ಹಾಕಿ 15 ನಿಮಿಷವಾದ ಮೇಲೆ ಸ್ನಾಯುವಿನದು 450, ರಕ್ತದ್ದು 300. ಇವನ್ನು ಸೆಕೆಂಡಿಗೆ ಬದಲಿಸಿ ವಿಲೋಮ ತೆಗೆದರೆ ಸ್ನಾಯುವಿನ ಆರ್1 1.00ರಿಂದ 2.22ಕ್ಕೆ, ರಕ್ತದ ಆರ್1 0.645ರಿಂದ 3.33ಕ್ಕೆ ಏರಿದೆ. ಏರಿಕೆ ಕ್ರಮವಾಗಿ 1.22 ಮತ್ತು 2.69. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.455.

ಹಿಂದೆ ಹೇಳಿದ 4.5ರಿಂದ ಭಾಗಿಸಿದರೆ ಇದೇ ಏರಿಕೆ ಸಾಂದ್ರತೆಯಾಗುತ್ತದೆ: ಸ್ನಾಯುವಿನಲ್ಲಿ ಲೀಟರಿಗೆ 0.27 ಮಿಲಿಮೋಲ್, ರಕ್ತದಲ್ಲಿ 0.60. ಆದರೆ ರಕ್ತದಲ್ಲೂ ಔಷಧ ಕೆಂಪು ಕಣಗಳ ಒಳಗೆ ಹೋಗುವುದಿಲ್ಲ, ಪ್ಲಾಸ್ಮಾದಲ್ಲಿ ಮಾತ್ರ ಇರುತ್ತದೆ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ 42 ಇದ್ದರೆ ಪ್ಲಾಸ್ಮಾ ಶೇ 58. ಹಾಗಾಗಿ ಪ್ಲಾಸ್ಮಾದೊಳಗಿನ ಸಾಂದ್ರತೆ 0.60 ಅಲ್ಲ, ಸುಮಾರು 1.03. ಸ್ನಾಯುವಿನ ಸಂದುಗಳಲ್ಲೂ ಇದೇ ಸಾಂದ್ರತೆಯ ದ್ರವ ತುಂಬಿದೆ ಎಂದಾದರೆ, ಒಟ್ಟು ಸ್ನಾಯುವಿನಲ್ಲಿ 0.27 ಬರಲು ಸಂದುಗಳ ಪಾಲು ಶೇ 26ರಷ್ಟು ಇರಲೇಬೇಕು. ಪಠ್ಯಗಳಲ್ಲಿ ಕಾಣುವ ‘ಒಂದರಿಂದ ಹಿಮಟೋಕ್ರಿಟ್ ಕಳೆದು ಅನುಪಾತದಿಂದ ಗುಣಿಸಿ’ ಎಂಬ ಸೂತ್ರ ಇದರ ಸಂಕ್ಷಿಪ್ತ ರೂಪ. ಭಾಗಿಸುವಾಗ 4.5 ಎಂಬ ಸಂಖ್ಯೆ ಮೇಲೆ ಕೆಳಗೆ ಹೊಡೆದುಹೋಗುತ್ತದೆ ಎಂಬುದನ್ನು ಗಮನಿಸಿ: ಯಾವ ಕಂಪನಿಯ ಔಷಧ, ಎಷ್ಟು ಮಿಲಿಲೀಟರ್ ಎಂಬುದು ಇಸಿವಿಯನ್ನು ಹೆಚ್ಚಾಗಿ ಬಾಧಿಸದಿರುವುದು ಇದರಿಂದಲೇ.

ಸಹಜ ಇಸಿವಿ ಸುಮಾರು ಶೇ 25ರ ಆಸುಪಾಸಿನಲ್ಲಿರುತ್ತದೆ. ಅಮೈಲಾಯ್ಡ್ ರೋಗದಲ್ಲಿ ಶೇ 40 ದಾಟುವುದು ಸಾಮಾನ್ಯ.

ಎಂಆರ್‌ಐಗೆ ಹೋದರೆ ರಕ್ತಪರೀಕ್ಷೆಯೂ ಬೇಕೆನ್ನುವುದೇಕೆ? ಹಳೆಯ ವರದಿ ಸಾಲದೇ?

ಕ್ರಿಯಾಟಿನಿನ್ ನೋಡಿ ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು ಒಂದು, ಹಿಮಟೋಕ್ರಿಟ್‌ಗಾಗಿ ಇನ್ನೊಂದು. ಮೇಲಿನ ಉದಾಹರಣೆಯ ರೋಗಿ ರಕ್ತಹೀನತೆಯುಳ್ಳ ಮಹಿಳೆ, ಆಕೆಯ ನಿಜವಾದ ಹಿಮಟೋಕ್ರಿಟ್ ಶೇ 30 ಎಂದುಕೊಳ್ಳಿ. ಅದೇ 0.455 ಅನುಪಾತಕ್ಕೆ ಇಸಿವಿ ಶೇ 32 ಆಗುತ್ತದೆ. ಯಾರೋ ‘ಎಲ್ಲರಿಗೂ 42’ ಎಂದು ತುಂಬಿಬಿಟ್ಟರೆ ಶೇ 26 ಎಂದು ಬಂದು, ರೋಗವಿರುವ ಹೃದಯ ಸಹಜ ಎನಿಸಿಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಯುರೋಪಿನ ಸರಾಸರಿಯನ್ನು ನಮ್ಮ ರೋಗಿಗಳಿಗೆ ತೊಡಿಸಲಾಗದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ರಕ್ತದ ಟಿ1ರಿಂದಲೇ ಹಿಮಟೋಕ್ರಿಟ್ ಅಂದಾಜು ಮಾಡುವ ‘ಸಿಂಥೆಟಿಕ್’ ಪದ್ಧತಿಯೊಂದಿದೆ. ಗುಂಪುಗಳ ಸರಾಸರಿಗೆ ಅದು ನಡೆಯುತ್ತದೆ. ಒಬ್ಬ ವ್ಯಕ್ತಿಯ ರೋಗನಿರ್ಣಯಕ್ಕೆ, ಅದೂ ರಕ್ತಹೀನತೆಯಿರುವಾಗ, ಅದರ ಮೇಲೆ ನಿಲ್ಲಬಾರದು. ಕೈಗೆ ಕ್ಯಾನುಲಾ ಹಾಕುವಾಗಲೇ ಒಂದು ಟ್ಯೂಬು ರಕ್ತ ತೆಗೆದುಕೊಂಡರೆ ಎರಡನೇ ಚುಚ್ಚು ಬೇಕಿಲ್ಲ. ನಿಂತಿದ್ದವರು ಮಲಗಿದಾಗ ರಕ್ತ ತುಸು ತೆಳುವಾಗುವುದರಿಂದ, ಸ್ಕ್ಯಾನ್ ಹೊತ್ತಿಗೆ ತೆಗೆದ ರಕ್ತವೇ ಲೆಕ್ಕಕ್ಕೆ ಹೆಚ್ಚು ಹೊಂದುತ್ತದೆ.

ಒಂದೇ ಸಲ ಚುಚ್ಚಿದರೆ ಸಾಕೇ, ಡ್ರಿಪ್‌ನಂತೆ ನಿಧಾನವಾಗಿ ಕೊಡಬೇಕೇ?

ಸೂತ್ರ ನಿಲ್ಲುವುದು ಪ್ಲಾಸ್ಮಾ ಮತ್ತು ಸಂದುಗಳ ಸಾಂದ್ರತೆ ಸಮವಾಗಿದೆ ಎಂಬ ನಂಬಿಕೆಯ ಮೇಲೆ. ಅದನ್ನು ಖಚಿತಪಡಿಸಲು ಲಂಡನ್ನಿನಲ್ಲಿ 2010ರಲ್ಲಿ ಪ್ರಕಟವಾದ ಪದ್ಧತಿಯಲ್ಲಿ ಮೊದಲು ಒಂದು ಡೋಸ್ ಕೊಟ್ಟು ನಂತರ ನಿಧಾನವಾಗಿ ಹರಿಸುತ್ತಾ ಸಮತೋಲನಕ್ಕೆ ಕಾಯುತ್ತಿದ್ದರು. ಕಾಯುವ ಹೊತ್ತು ಹೆಚ್ಚು, ಯಂತ್ರ ಖಾಲಿ ಕೂರುತ್ತದೆ. ಒಂದೇ ಸಲ ಕೊಟ್ಟು 15 ನಿಮಿಷ ಕಾದರೂ ಬಹುತೇಕ ರೋಗಿಗಳಲ್ಲಿ ಉತ್ತರ ಹೊಂದುತ್ತದೆ ಎಂದು ಕಂಡ ಮೇಲೆ ಡ್ರಿಪ್ ಪದ್ಧತಿ ನಿತ್ಯದ ಬಳಕೆಯಿಂದ ಹಿಂದೆ ಸರಿಯಿತು. ಇಸಿವಿ ತುಂಬ ಹೆಚ್ಚಿರುವ ಹೃದಯಗಳಲ್ಲಿ ಮಾತ್ರ ಎರಡರ ನಡುವೆ ಅಂತರ ಕಾಣುತ್ತದೆ, ಅಲ್ಲಿ ರೋಗವಿದೆ ಎಂಬುದು ಹೇಗಿದ್ದರೂ ಸ್ಪಷ್ಟವಾಗಿಯೇ ಇರುತ್ತದೆ.

ಫಸ್ಟ್ ಪಾಸ್ ಪರ್ಫ್ಯೂಷನ್‌ನಲ್ಲಿ ರಕ್ತಹರಿವನ್ನು ಹೇಗೆ ಅಳೆಯುತ್ತಾರೆ?

ಅಡೆನೊಸಿನ್ ಕೊಟ್ಟು ಹೃದಯದ ರಕ್ತನಾಳಗಳನ್ನು ಹಿಗ್ಗಿಸಿ, ಔಷಧವನ್ನು ಪಂಪ್ ಮೂಲಕ ವೇಗವಾಗಿ ಕಳಿಸಿ, ಪ್ರತಿ ಬಡಿತಕ್ಕೂ ಚಿತ್ರ ತೆಗೆಯುತ್ತಾರೆ. ಔಷಧ ಮೊದಲು ಬಲ ಹೃತ್ಕುಕ್ಷಿಗೆ, ಶ್ವಾಸಕೋಶ ಸುತ್ತಿ ಎಡ ಹೃತ್ಕುಕ್ಷಿಗೆ, ಆಮೇಲೆ ಸ್ನಾಯುವಿಗೆ ಬರುವುದು ಕಣ್ಣಿಗೇ ಕಾಣುತ್ತದೆ. ರಕ್ತನಾಳ ಕಿರಿದಾಗಿರುವ ಕಡೆ ಸ್ನಾಯುವಿನ ಒಳಪದರ ತಡವಾಗಿ ಬೆಳಗುತ್ತದೆ. ಕಣ್ಣಂದಾಜಿನ ಈ ಓದಿಗೂ ಒಳ್ಳೆಯ ಆಧಾರವಿದೆ: 2019ರ ಎಂಆರ್ ಇನ್‌ಫಾರ್ಮ್ ಪ್ರಯೋಗದಲ್ಲಿ, ಸ್ಥಿರ ಎದೆನೋವಿನ ರೋಗಿಗಳ ಚಿಕಿತ್ಸೆಯನ್ನು ಇದರ ಆಧಾರದಲ್ಲಿ ನಿರ್ಧರಿಸಿದಾಗ ಫಲಿತಾಂಶ, ಆಂಜಿಯೋಗ್ರಾಂ ವೇಳೆ ನಾಳದೊಳಗೆ ಒತ್ತಡ ಅಳೆದು ನಿರ್ಧರಿಸಿದವರಿಗಿಂತ ಕೀಳಾಗಿರಲಿಲ್ಲ.

ಸಂಖ್ಯೆ ಬೇಕೆಂದಾಗ ಕಷ್ಟ ಶುರುವಾಗುತ್ತದೆ. ಪ್ರತಿ ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಎಂದು ಹೇಳಬೇಕಾದರೆ, ಸ್ನಾಯುವಿಗೆ ಬಂದ ಔಷಧದ ಜೊತೆಗೆ ಎಡ ಹೃತ್ಕುಕ್ಷಿಯ ರಕ್ತದಲ್ಲಿ ಎಷ್ಟಿತ್ತು ಎಂಬುದೂ ಗೊತ್ತಿರಬೇಕು. ಮೂರನೇ ಪ್ರಶ್ನೆಯಲ್ಲಿ ಕಂಡಂತೆ, ಆ ರಕ್ತದಲ್ಲೇ ಬಿಳುಪು ಮೇಲ್ಮಿತಿಗೆ ತಾಗಿ ನಿಂತುಬಿಡುತ್ತದೆ. ಸರಿಪಡಿಸದೆ ಲೆಕ್ಕ ಹಾಕಿದರೆ ರಕ್ತದಲ್ಲಿ ಔಷಧ ಕಡಿಮೆಯಿತ್ತೆಂದಾಗಿ, ಸ್ನಾಯುವಿನ ರಕ್ತಹರಿವು ಇರುವುದಕ್ಕಿಂತ ಹೆಚ್ಚೆಂದು ಬರುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಮೊದಲು ತೀರ ತೆಳುವಾದ ಡೋಸ್ ಕೊಟ್ಟು ರಕ್ತದ ವಕ್ರರೇಖೆಯನ್ನು ಅದರಿಂದ ಪಡೆದು, ನಂತರ ಪೂರ್ಣ ಡೋಸ್ ಕೊಟ್ಟು ಸ್ನಾಯುವನ್ನು ಅಳೆಯುವ ಡ್ಯುಯಲ್ ಬೋಲಸ್. ಇನ್ನೊಂದು, ಒಂದೇ ಡೋಸ್‌ನಲ್ಲಿ, ಪ್ರತಿ ಬಡಿತದಲ್ಲೂ ಮೊದಲು ರಕ್ತಕ್ಕಾಗಿ ಬಹಳ ಕಡಿಮೆ ಕಾಯುವ ಒರಟು ಚಿತ್ರ, ನಂತರ ಸ್ನಾಯುವಿಗಾಗಿ ಸ್ಪಷ್ಟ ಚಿತ್ರ ತೆಗೆಯುವ ಡ್ಯುಯಲ್ ಸೀಕ್ವೆನ್ಸ್. ಮೊದಲನೆಯದರಲ್ಲಿ ಎರಡು ಸಿರಿಂಜು, ಎರಡು ದ್ರಾವಣ, ಗಡಿಬಿಡಿಯಲ್ಲಿ ಅದಲುಬದಲಾಗುವ ಭಯ. ಹೀಗಾಗಿ ಎರಡನೆಯದೇ ನಿತ್ಯದ ಕೆಲಸಕ್ಕೆ ಒಗ್ಗುತ್ತದೆ.

ಸಿಟಿಯಲ್ಲಿ ಇಷ್ಟೆಲ್ಲ ತೊಡಕಿಲ್ಲವಲ್ಲ?

ಅಯೋಡಿನ್ ಎಷ್ಟಿದೆಯೋ ಅಷ್ಟಕ್ಕೆ ಅನುಪಾತದಲ್ಲಿ ಸಿಟಿಯ ಬಿಳುಪು ಏರುತ್ತದೆ ಎಂಬುದು ನಿಜ, ಇಸಿವಿಯನ್ನು ಸಿಟಿಯಿಂದಲೂ ತೆಗೆಯಬಹುದು. ಆದರೆ ಸ್ನಾಯುವಿನಲ್ಲಿ ಆ ಏರಿಕೆ ಚಿಕ್ಕದು, ಗದ್ದಲ ಹೆಚ್ಚು, ವಿಕಿರಣವೂ ಇದೆ. ಪೇಸ್‌ಮೇಕರ್ ಇದ್ದು ಎಂಆರ್‌ಐ ಮಾಡಲಾಗದವರಿಗೆ ಅದು ಒಳ್ಳೆಯ ದಾರಿ.

ಒಂದು ಆಸ್ಪತ್ರೆಯ ಟಿ1 ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಬಹುದೇ?

ಟಿ1 ಅನ್ನು ನೇರವಾಗಿ ಹೋಲಿಸಬಾರದು. 1.5 ಟೆಸ್ಲಾ ಯಂತ್ರದಲ್ಲಿ ಮೊಲ್ಲಿ ತೋರಿಸುವ ಸಹಜ ಸ್ನಾಯುವಿನ ಟಿ1 ಸಾವಿರದ ಆಸುಪಾಸಿನಲ್ಲಿದ್ದರೆ, 3 ಟೆಸ್ಲಾದಲ್ಲಿ ಅದೇ ಸ್ನಾಯು 1150ರಿಂದ 1200ರ ಸುತ್ತ ಬರುತ್ತದೆ. ರೋಗವೇನೂ ಬೆಳೆದಿಲ್ಲ, ಯಂತ್ರ ಬದಲಾಗಿದೆ ಅಷ್ಟೆ. ಇಸಿವಿ ಅನುಪಾತವಾದ್ದರಿಂದ ಯಂತ್ರದಿಂದ ಯಂತ್ರಕ್ಕೆ ಹೆಚ್ಚು ಸಹಿಸಿಕೊಳ್ಳುತ್ತದೆ, ಆದರೂ ಮೊಲ್ಲಿಯ ಇಸಿವಿಯನ್ನು ಸಾಶಾದ ಇಸಿವಿ ಪಕ್ಕದಲ್ಲಿಟ್ಟು ‘ಕಡಿಮೆಯಾಗಿದೆ’ ಎನ್ನಲಾಗದು. ಸಾಶಾ ಕೊಡುವುದೇ ಕಡಿಮೆ ಸಂಖ್ಯೆ. ಯಂತ್ರ ಕಾಲಕ್ರಮೇಣ ದಾರಿ ತಪ್ಪುತ್ತಿಲ್ಲವೇ ಎಂದು ನೋಡಲು ನಿಕಲ್ ಕ್ಲೋರೈಡ್ ಬೆರೆಸಿದ ಅಗಾರ್ ಜೆಲ್ ತುಂಬಿದ ಬಾಟಲಿಗಳ ಫ್ಯಾಂಟಮ್ (ಪರೀಕ್ಷಾ ಮಾದರಿ) ಸಿಗುತ್ತದೆ. ಅದನ್ನು ನಿಯಮಿತವಾಗಿ ಸ್ಕ್ಯಾನ್ ಮಾಡುವ ಕೇಂದ್ರದ ಸಂಖ್ಯೆಗೆ ಹೆಚ್ಚು ಬೆಲೆ ಕೊಡಬಹುದು.

ಗ್ಯಾಡೊಲಿನಿಯಂ ಎಲ್ಲರಿಗೂ ಕೊಡಬಹುದೇ?

ಮೂತ್ರಪಿಂಡ ಸರಿಯಿದ್ದವರಲ್ಲಿ ರಕ್ತದಿಂದ ಅರ್ಧದಷ್ಟು ಔಷಧ ಸುಮಾರು ಒಂದೂವರೆ ಗಂಟೆಯಲ್ಲಿ ಹೊರಹೋಗುತ್ತದೆ. ಮೂತ್ರಪಿಂಡ ತೀವ್ರವಾಗಿ ಸೋತವರಲ್ಲಿ ಚರ್ಮ ಮತ್ತು ಅಂಗಗಳು ಗಡುಸಾಗುವ ಎನ್‌ಎಸ್‌ಎಫ್ ಎಂಬ ರೋಗಕ್ಕೂ ಗ್ಯಾಡೊಲಿನಿಯಂಗೂ ನಂಟಿದೆ ಎಂಬುದು 2006ರಲ್ಲಿ ಬೆಳಕಿಗೆ ಬಂದಿತು. ಲೋಹವನ್ನು ಸಡಿಲವಾಗಿ ಹಿಡಿದಿರುವ, ತೆರೆದ ಸರಪಳಿಯಂಥ ಅಣುಗಳ ಔಷಧಗಳಲ್ಲಿ ಈ ಅಪಾಯ ಹೆಚ್ಚು. ಉಂಗುರದಂತೆ ಸುತ್ತುವರಿದು ಹಿಡಿದಿರುವ ಔಷಧಗಳಲ್ಲಿ ತೀರ ಕಡಿಮೆ. ಪದೇ ಪದೇ ಪಡೆದವರ ಮಿದುಳಿನಲ್ಲಿ ಲೋಹದ ಅಂಶ ಉಳಿಯುವುದು 2014ರಲ್ಲಿ ವರದಿಯಾದ ಮೇಲೆ, ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಸರಪಳಿ ಬಗೆಯ ಹಲವು ಔಷಧಗಳನ್ನು ತಡೆಹಿಡಿಯಿತು. ಡಯಾಲಿಸಿಸ್‌ನಲ್ಲಿರುವವರು, ಗರ್ಭಿಣಿಯರು ಮತ್ತು ಹಿಂದೆ ಈ ಔಷಧದಿಂದ ಅಲರ್ಜಿಯಾದವರು ಮುಂಚಿತವಾಗಿ ತಿಳಿಸಲೇಬೇಕು.

ನನಗೆ ಯಾವ ಪರೀಕ್ಷೆ ಬೇಕು ಎಂದು ಹೇಗೆ ತಿಳಿಯುವುದು?

ಅದನ್ನು ಆರಿಸುವುದು ವೈದ್ಯರ ಕೆಲಸ, ಆದರೆ ಕೇಳಬೇಕಾದ ಪ್ರಶ್ನೆ ನಿಮ್ಮದು. ಹೃದಯಾಘಾತದ ನಂತರ ಎಷ್ಟು ಸ್ನಾಯು ಉಳಿದಿದೆ ಎಂಬುದು ಪ್ರಶ್ನೆಯಾದರೆ ಎಲ್‌ಜಿಇ ಸಾಕು, ಟಿ1 ನಕ್ಷೆ ಇಲ್ಲವೆಂದು ಕೊರಗಬೇಕಿಲ್ಲ. ಗೋಡೆ ದಪ್ಪವಾಗಿದೆ, ಕಾರಣ ತಿಳಿದಿಲ್ಲ ಎಂದಾದರೆ ಇಸಿವಿ ಇಲ್ಲದ ವರದಿ ಅರೆಬರೆ. ನಡೆದಾಗ ಎದೆನೋವು, ಆಂಜಿಯೋಗ್ರಾಂನಲ್ಲಿ ದೊಡ್ಡ ನಾಳಗಳೆಲ್ಲ ತೆರೆದಿವೆ ಎಂದಾದರೆ, ಸೂಕ್ಷ್ಮ ನಾಳಗಳ ಸ್ಥಿತಿ ತಿಳಿಯಲು ಸಂಖ್ಯೆ ಕೊಡುವ ಪರ್ಫ್ಯೂಷನ್ ಬೇಕು. ಏಕೆಂದರೆ ಹೃದಯದ ಎಲ್ಲ ಗೋಡೆಗಳೂ ಸಮನಾಗಿ ತಡವಾಗಿ ಬೆಳಗಿದರೆ ಕಣ್ಣಿಗೆ ಯಾವುದೂ ಬೇರೆಯಾಗಿ ಕಾಣುವುದಿಲ್ಲ. ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳುವ ಥಲಸೇಮಿಯಾ ರೋಗಿಗಳ ಪ್ರಶ್ನೆ ಹೃದಯದಲ್ಲಿ ಕಬ್ಬಿಣ ಎಷ್ಟಿದೆ ಎಂಬುದು. ಅದಕ್ಕೆ ಟಿ2 ಸ್ಟಾರ್ ಎಂಬ ಬೇರೊಂದು ಎಂಆರ್‌ಐ ಅಳತೆ ಸಾಕು, ಗ್ಯಾಡೊಲಿನಿಯಂ ಬೇಕಾಗಿಯೇ ಇಲ್ಲ.

ವರದಿ ಬಂದ ಮೇಲೆ ಅದರಲ್ಲಿ ಏನೇನು ಬರೆದಿರಬೇಕು?

ಯಂತ್ರ ಎಷ್ಟು ಟೆಸ್ಲಾ, ಔಷಧದ ಹೆಸರು ಮತ್ತು ಡೋಸ್, ಔಷಧ ಹಾಕಿದ ಎಷ್ಟು ನಿಮಿಷಕ್ಕೆ ಅಳೆದರು, ಟಿ1ಗೆ ಬಳಸಿದ ಕ್ರಮ, ಆ ಕೇಂದ್ರದ ಸಹಜ ಮಿತಿ, ಹಿಮಟೋಕ್ರಿಟ್ ಮತ್ತು ಅದನ್ನು ತೆಗೆದ ದಿನಾಂಕ, ಕಲೆಯ ಶೇಕಡಾವಾರು ಕೊಟ್ಟಿದ್ದರೆ ಗೆರೆ ಎಳೆದ ಪದ್ಧತಿ. ಇವು ಎರಡು ಸಾಲಿನಲ್ಲಿ ಮುಗಿಯುವ ವಿವರಗಳು. ವರ್ಷದ ನಂತರ ಮತ್ತೆ ಸ್ಕ್ಯಾನ್‌ಗೆ ಹೋಗುವಾಗ ಆ ಎರಡು ಸಾಲಿರುವ ಹಾಳೆಯನ್ನೂ ಚಿತ್ರಗಳ ಸಿಡಿಯನ್ನೂ ಜೊತೆಗೆ ಒಯ್ಯಿರಿ. ಸಾಧ್ಯವಾದರೆ ಅದೇ ಯಂತ್ರದಲ್ಲೇ ಮಾಡಿಸಿಕೊಳ್ಳಿ.